ಸಮಗ್ರ ಪರೀಕ್ಷೆಯ ವಿಚಾರ

ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರ ಮೊದಲಾದ ಮಾನವಿಕ ವಿಷಯಗಳಲ್ಲಿ ಪಿಎಚ್.ಡಿ. ಪದವಿಯನ್ನು ಬಯಸಿ ಸೇರಿದವರು, ಎರಡು ಮೂರು ವರ್ಷಗಳ ಕಾಲ ತರಗತಿಗಳಲ್ಲಿ ಕುಳಿತು ವ್ಯಾಸಂಗ ಮಾಡಿದ ಮೇಲೆ, ಮಹಾಪ್ರಬಂಧದ ಬರವಣಿಗೆಗೆ ಕೈಹಾಕುವುದಕ್ಕೆ ಮೊದಲು, ಒಂದು ದೊಡ್ಡ ಪರೀಕ್ಷೆಯನ್ನು ಹಾದುಹೋಗಬೇಕಾಗುವುದು. ಅದನ್ನು ಕಾಂಪ್ರಿಹೆನ್ಸಿವ್ ಎನ್ನುವವರುಂಟು, ಜನರಲ್ಸ್ ಎನ್ನುವವರುಂಟು, ಕ್ವಾಲಿಫೈಯಿಂಗ್ ಎಂದೂ ಓರಲ್ಸ್ ಎಂದೂ ಕರೆಯುವವರುಂಟು. ಹೆಸರು ಯಾವುದಾದರೂ ಸ್ವರೂಪ ಸ್ಥೂಲವಾಗಿ ಒಂದೇ. ಅಭ್ಯರ್ಥಿಯು ಅಧ್ಯಾಪಕರೊಡನೆ ಸಮಾಲೋಚಿಸಿ ಎರಡೋ ಮೂರೋ ಕ್ಷೇತ್ರಗಳನ್ನು ಆರಿಸಿಕೊಳ್ಳಬೇಕು. ಒಂದೊಂದಕ್ಕೂ ಐವತ್ತು, ಅರುವತ್ತು, ಕೆಲವೆಡೆ ನೂರರಷ್ಟು ಗ್ರಂಥಗಳ ಪಟ್ಟಿ ಸಿದ್ಧವಾಗುವುದು. ಆಮೇಲೆ ಹಲವು ತಿಂಗಳು ಓದು, ಓದು, ಬರಿಯ ಓದು. ಕೊನೆಗೆ ಕೆಲವು ಗಂಟೆಗಳ ಅಥವಾ ಕೆಲವು ದಿನಗಳ ಲಿಖಿತ ಪರೀಕ್ಷೆ, ಅದರ ಜೊತೆಗೆ ಅಥವಾ ಅದಕ್ಕೆ ಬದಲಾಗಿ ಎರಡು ಗಂಟೆಗಳಷ್ಟು ಮೌಖಿಕ ಪರೀಕ್ಷೆ.

ಆ ಮೌಖಿಕ ಪರೀಕ್ಷೆಯ ಕೋಣೆಯನ್ನು ಸ್ವಲ್ಪ ಕಲ್ಪಿಸಿಕೊಳ್ಳೋಣ. ಮೇಜಿನ ಒಂದು ಕಡೆ ಮೂರು ನಾಲ್ಕು ಮಂದಿ ಪ್ರಾಧ್ಯಾಪಕರು, ಎದುರಿಗೆ ಒಬ್ಬಳೇ ಅಭ್ಯರ್ಥಿ. ಅವಳ ಕೈಯಲ್ಲಿ ಗ್ರಂಥಗಳ ಪಟ್ಟಿಯ ಹೊರತು ಬೇರೆ ಕಾಗದವಿಲ್ಲ. ಅವಳು ಮುಂದೆ ಬರೆಯಲಿರುವುದು ಜಾರ್ಜ್ ಎಲಿಯಟ್ಟಳ ಕಾದಂಬರಿಗಳನ್ನು ಕುರಿತು. ಆದರೆ ಒಬ್ಬ ಪರೀಕ್ಷಕರು ಹೀಗೆ ಕೇಳುತ್ತಾರೆ: ‘ಮಿಡ್ಲ್‌ಮಾರ್ಚ್ 1871ರಿಂದ 1872ರವರೆಗೆ ಎಂಟು ಭಾಗಗಳಾಗಿ ಹೊರಬಂದಿತು, ಅದಕ್ಕೆ ನೂರಿಪ್ಪತ್ತು ವರ್ಷಗಳಿಗೂ ಹಿಂದೆ ರಿಚರ್ಡ್‌ಸನ್ನನ ಕ್ಲಾರಿಸ್ಸಾ ಕೂಡ ಒಂದು ವರ್ಷದ ಅವಧಿಯಲ್ಲಿ ಕಂತುಕಂತಾಗಿಯೇ ಬಂದಿತು. ಮುಂದಿನ ಸಂಪುಟಕ್ಕಾಗಿ ಕಾಯುವ ಓದುಗನು ಈ ಎರಡು ಕೃತಿಗಳ ಕಟ್ಟಡದಲ್ಲಿ ಒಂದೇ ಬಗೆಯಾಗಿ ಕಾಣಿಸಿಕೊಳ್ಳುತ್ತಾನೆಯೆ?’ ಈ ಪ್ರಶ್ನೆಗೆ ಯಾವ ಪುಸ್ತಕದಲ್ಲಿಯೂ ಸಿದ್ಧವಾದ ಉತ್ತರವಿಲ್ಲ. ಅವಳು ಎರಡೂ ಕಾದಂಬರಿಗಳನ್ನು ಓದಿದ್ದಾಳೆ. ಆದರೆ ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಎಂದೂ ನೋಡಿಲ್ಲ. ಈಗ ನೋಡಬೇಕು, ಎಲ್ಲರ ಎದುರಿಗೆ, ಬಾಯಿಬಿಟ್ಟು ಯೋಚಿಸುತ್ತ. ಮೊದಲ ವಾಕ್ಯ ತಡವರಿಸುತ್ತದೆ, ಎರಡನೆಯದು ಮೊದಲನೆಯದನ್ನು ತಿದ್ದುತ್ತದೆ, ಮೂರನೆಯದರ ಹೊತ್ತಿಗೆ, ಕಾಗದಗಳ ಮೂಲಕವೇ ಸಾಗುವ ಕಥೆಯಲ್ಲಿ ಪಾತ್ರಗಳೂ ಓದುಗರಂತೆಯೇ ಮುಂದಿನ ಓಲೆಗಾಗಿ ಕಾಯುತ್ತಿರುತ್ತವೆ ಎಂಬ ಒಂದು ಹೊಳಹು ಅವಳಿಗೆ ಹೊಳೆದೀತು. ಹೊಳೆಯದೆಯೂ ಹೋದೀತು. ಆ ಎರಡು ನಿಮಿಷಗಳಲ್ಲಿ ನಡೆಯುವ ಕೆಲಸವೇ ಮಾನವಿಕ ವಿದ್ಯೆಗಳ ನಿಜವಾದ ಕೆಲಸವೆಂದು ನಾನು ತಿಳಿದಿದ್ದೇನೆ.

ಈ ಪರೀಕ್ಷೆಗೆ ಇಂದು ತನ್ನ ತಾಯ್ನಾಡಿನಲ್ಲಿಯೇ ಮೊದಲಿನ ಗೌರವ ಉಳಿದಿಲ್ಲ. ಹಲವು ವಿಭಾಗಗಳು ಅದನ್ನು ಕೈಬಿಟ್ಟು, ಅದರ ಜಾಗದಲ್ಲಿ ಅಭ್ಯರ್ಥಿಯು ಬರೆದ ಲೇಖನಗಳ ಸಂಪುಟವನ್ನೋ, ಅವನೇ ರೂಪಿಸಿದ ಒಂದು ಪಾಠಕ್ರಮವನ್ನೋ, ಮಹಾಪ್ರಬಂಧದ ವಿಷಯಕ್ಕೆ ಅಂಟಿಕೊಂಡ ಒಂದು ಕ್ಷೇತ್ರಸಮೀಕ್ಷೆಯನ್ನೋ ಒಪ್ಪಿಸಿಕೊಳ್ಳುತ್ತಿವೆ. ಇದನ್ನು ಸುಧಾರಣೆಯೆಂದು ಹೊಗಳುವವರ ಸದ್ಭಾವನೆಯಲ್ಲಿ ನನಗೆ ಸಂದೇಹವಿಲ್ಲ; ಆದರೆ ಅವರ ನಿರ್ಣಯ ತಪ್ಪೆಂದು ನನ್ನ ದೃಢವಾದ ಅಭಿಪ್ರಾಯ. ಡಾಕ್ಟರೇಟ್ ಪದವಿಯು ಒಂದು ಗ್ರಂಥದ ಕರ್ತೃವನ್ನು ಮಾತ್ರ ಸೃಷ್ಟಿಸುವುದಿಲ್ಲ, ಒಂದು ಇಡೀ ವಿದ್ಯೆಯ ಪರವಾಗಿ ಮುಂದಿನ ಪೀಳಿಗೆಗೆ ಉತ್ತರ ಹೇಳಬಲ್ಲ ವ್ಯಕ್ತಿಯನ್ನೂ ಸೃಷ್ಟಿಸಬೇಕು. ಮಹಾಪ್ರಬಂಧವು ಮೊದಲನೆಯ ಯೋಗ್ಯತೆಯನ್ನು ಪರೀಕ್ಷಿಸುತ್ತದೆ. ಎರಡನೆಯದನ್ನು ಪರೀಕ್ಷಿಸುವುದಕ್ಕೆ ಈ ಒಂದು ಪರೀಕ್ಷೆಯನ್ನುಳಿದು ಬೇರೆ ಸಾಧನವಿಲ್ಲ.

ಇತಿಹಾಸವನ್ನು ನೋಡಿದರೆ ಈ ಎರಡರಲ್ಲಿ ಹಿರಿಯದು ಯಾವುದೆಂಬುದು ತಿಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ತರುಣರು ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಗೆ ಹೋಗುತ್ತಿದ್ದರು. ಎಡ್ವರ್ಡ್ ಎವರೆಟ್ ಎಂಬಾತನು 1817ರಲ್ಲಿ ಗಟ್ಟಿಂಗೆನ್ನಿನಿಂದ ಡಾಕ್ಟರ್ ಪದವಿಯನ್ನು ಪಡೆದು, ಆ ಪದವಿಯನ್ನು ಪಡೆದ ಮೊದಲ ಅಮೆರಿಕನ್ ಎನಿಸಿಕೊಂಡನು. ಜರ್ಮನ್ ಪದ್ಧತಿಯಲ್ಲಿ ಅಭ್ಯರ್ಥಿಯು ಒಂದು ಪ್ರಧಾನ ವಿಷಯವನ್ನೂ ಅದರ ಜೊತೆಗೆ ಎರಡು ಉಪವಿಷಯಗಳನ್ನೂ ಹಿಡಿದು ಮೌಖಿಕ ಪರೀಕ್ಷೆಗೆ ನಿಲ್ಲುವುದು ವಾಡಿಕೆಯಾಗಿತ್ತು. ಯೇಲ್ ಕಾಲೇಜು 1861ರಲ್ಲಿ ಮೂವರಿಗೆ ಪಿಎಚ್.ಡಿ. ಪದವಿಯನ್ನಿತ್ತಾಗ, ಅಮೆರಿಕದ ನೆಲದಲ್ಲಿ ಮೊಟ್ಟಮೊದಲು ದೊರೆತ ಆ ಪದವಿಗಾಗಿ ವಿಧಿಸಿದ್ದ ನಿಯಮವೂ ಇದೇ ಜಾತಿಯದು: ಎರಡು ಬೇರೆಬೇರೆ ವಿದ್ಯಾವಿಭಾಗಗಳಲ್ಲಿಯಾದರೂ ವ್ಯಾಸಂಗ ನಡೆದಿರಬೇಕು, ಪರೀಕ್ಷೆಯಲ್ಲಿ ತೃಪ್ತಿಕರವಾಗಿ ತೇರ್ಗಡೆಯಾಗಬೇಕು, ಪ್ರಬಂಧವೊಂದನ್ನು ಒಪ್ಪಿಸಬೇಕು. ಆ ಮೂವರಲ್ಲಿ ಒಬ್ಬನಾದ ಜೇಮ್ಸ್ ಮಾರಿಸ್ ವ್ಹಿಟನ್ ಒಪ್ಪಿಸಿದ ಪ್ರಬಂಧ ಲ್ಯಾಟಿನ್ ಭಾಷೆಯಲ್ಲಿ ಕೈಬರಹದ ಆರು ಪುಟಗಳಷ್ಟು. ಆರು ಪುಟಗಳ ಬರಹಕ್ಕಾಗಿ ಯಾರೂ ಡಾಕ್ಟರ್ ಪದವಿಯನ್ನು ಕೊಡಲಾರರು. ಪದವಿಯ ಭಾರವನ್ನು ಹೊತ್ತಿದ್ದುದು ಅವನ ವ್ಯಾಸಂಗ ಮತ್ತು ಅದರ ಪರೀಕ್ಷೆ. ಪ್ರಬಂಧವು ಆರು ಪುಟಗಳಿಂದ ಮುನ್ನೂರು ನಾನೂರು ಪುಟಗಳಿಗೆ ಬೆಳೆದು ಪದವಿಗೆ ಪರ್ಯಾಯವಾದುದು ಆಮೇಲಿನ ಸಂಗತಿ.

ಪರೀಕ್ಷೆಯ ಇತಿಹಾಸದಲ್ಲಿ ದೋಷಗಳಿಲ್ಲವೆಂದು ನಾನು ಹೇಳುವುದಿಲ್ಲ. ಹಾರ್ವರ್ಡಿನಲ್ಲಿ 1888ರಿಂದ 1936ರವರೆಗೆ ಇಂಗ್ಲಿಷ್ ಬೋಧಿಸಿದ ಜಾರ್ಜ್ ಲೈಮನ್ ಕಿಟ್ರೆಜನ ಕಾಲದಲ್ಲಿ, ಆಧುನಿಕ ಕವಿಯೊಬ್ಬನನ್ನು ಅಭ್ಯಸಿಸಬಯಸಿದವನೂ ಗಾಥಿಕ್ಕನ್ನು, ಪ್ರಾಚೀನ ಇಂಗ್ಲಿಷನ್ನು, ಹಳೆಯ ಫ್ರೆಂಚನ್ನು ಕಲಿತು ಅವುಗಳ ಧ್ವನಿವ್ಯತ್ಯಾಸಗಳಿಗೆ ಲೆಕ್ಕ ಒಪ್ಪಿಸಬೇಕಾಗಿತ್ತು. ಅದೇ ವಿಶ್ವವಿದ್ಯಾನಿಲಯದಲ್ಲಿದ್ದ ಅರ್ವಿಂಗ್ ಬ್ಯಾಬಿಟ್ 1908ರ ತನ್ನ ಗ್ರಂಥದಲ್ಲಿ, ಈ ಬಗೆಯ ಭಾಷಾಶಾಸ್ತ್ರದ ಕಸರತ್ತು ಸಾಹಿತ್ಯದ ಜೀವವನ್ನೇ ಹಿಂಡುತ್ತಿದೆಯೆಂದು ವಾದಿಸಿದನು. ಅವನ ವಾದದಲ್ಲಿ ಸತ್ಯಾಂಶ ಬಹಳವಿದೆ. ವಿಸ್ತಾರವೆಂದರೆ ವಿವರಗಳ ರಾಶಿಯೆಂದು ಎಣಿಸಿದ ಪರೀಕ್ಷೆ ತನ್ನ ಉದ್ದೇಶವನ್ನು ತಾನೇ ಕೆಡಿಸಿಕೊಳ್ಳುತ್ತದೆ. ಕಿಟ್ರೆಜನಿಗೆ ಸ್ವತಃ ಡಾಕ್ಟರೇಟ್ ಇರಲಿಲ್ಲವೆಂಬುದನ್ನೂ, ಏಕೆ ಪಡೆಯಲಿಲ್ಲವೆಂದು ಕೇಳಿದವರಿಗೆ ತನ್ನನ್ನು ಪರೀಕ್ಷಿಸುವವರು ಯಾರಿದ್ದಾರೆಂದು ಮರುಪ್ರಶ್ನೆ ಹಾಕಿದನೆಂಬ ಐತಿಹ್ಯವನ್ನೂ ಇಲ್ಲಿ ನೆನೆಯಬಹುದು.

ಪದವಿಯ ವ್ಯಾಮೋಹವನ್ನೇ ಖಂಡಿಸಿದವನು ತತ್ತ್ವಜ್ಞಾನಿ ವಿಲಿಯಂ ಜೇಮ್ಸ್. ಅವನಿಗೂ ಇದ್ದದ್ದು 1869ರ ವೈದ್ಯಪದವಿ ಮಾತ್ರ, ಪಿಎಚ್.ಡಿ. ಅಲ್ಲ. 1903ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ಅವನು, ಸಾಹಿತ್ಯವನ್ನು ಕಲಿಸುವುದಕ್ಕೆಂದು ನೇಮಕಗೊಂಡ ಒಬ್ಬ ಪ್ರತಿಭಾವಂತ ತರುಣನನ್ನು, ಹೆಸರಿನ ಮುಂದೆ ಆ ಮೂರು ಅಕ್ಷರಗಳಿಲ್ಲವೆಂಬ ಕಾರಣಕ್ಕೆ ಅವನ ಸಂಸ್ಥೆ ಹೇಗೆ ಕಾಡಿತೆಂಬುದನ್ನು ವಿವರಿಸಿ, ಪದವಿಯು ಯೋಗ್ಯತೆಯ ಜಾಗವನ್ನು ಆಕ್ರಮಿಸುತ್ತಿರುವುದನ್ನು ಕುರಿತು ಎಚ್ಚರಿಕೆಯನ್ನಿತ್ತನು. ಆ ಎಚ್ಚರಿಕೆ ಸಕಾಲಿಕವಾಗಿತ್ತು, ಇಂದಿಗೂ ಸಕಾಲಿಕವೇ. ಆದರೆ ಅದರಿಂದ ಪರೀಕ್ಷೆಯನ್ನು ತೆಗೆದುಹಾಕಬೇಕೆಂಬ ತೀರ್ಮಾನ ಹೊರಡುವುದಿಲ್ಲ. ಪದವಿಯನ್ನು ಉಳಿಸಿಕೊಂಡು, ಅದರ ಹಿಂದಿನ ಯೋಗ್ಯತೆಯನ್ನು ನೋಡುವ ಒಂದೇ ಸಂದರ್ಭವನ್ನು ಕೈಬಿಟ್ಟರೆ, ಜೇಮ್ಸ್ ಅಂಜಿದ್ದು ಇನ್ನೂ ಬೇಗ ನಿಜವಾದೀತು.

ಇಂದಿನ ಆಕ್ಷೇಪಗಳಲ್ಲಿ ಅತ್ಯಂತ ತೂಕವುಳ್ಳದ್ದು ಕಾಲದ ಪ್ರಶ್ನೆ. ಅಮೆರಿಕದ ಮಾಡರ್ನ್ ಲಾಂಗ್ವೇಜ್ ಅಸೋಸಿಯೇಷನ್ನಿನ ಸಮಿತಿಯೊಂದು 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಭಾಷೆ ಸಾಹಿತ್ಯಗಳಲ್ಲಿ ಡಾಕ್ಟರೇಟ್ ಪಡೆಯುವುದಕ್ಕೆ ಸಾಮಾನ್ಯವಾಗಿ ಒಂಬತ್ತು ವರ್ಷಗಳಷ್ಟು ಹಿಡಿಯುತ್ತಿತ್ತು. ಅದನ್ನು ಐದು ವರ್ಷಗಳಿಗೆ ಇಳಿಸಬೇಕೆಂದು ಸಮಿತಿ ಸಲಹೆಯಿತ್ತಿತು. ತಾರುಣ್ಯದ ಒಂಬತ್ತು ವರ್ಷಗಳನ್ನು ಅಲ್ಪವೇತನದಲ್ಲಿ ಕಳೆದು, ಕೊನೆಗೆ ಕಾಯಂ ಉದ್ಯೋಗವೂ ಸಿಕ್ಕದ ಮನುಷ್ಯನ ಮುಂದೆ ನಿಂತು ಪಾಂಡಿತ್ಯದ ವಿಸ್ತಾರವನ್ನು ಉಪದೇಶಿಸುವುದಕ್ಕೆ ಯಾರಿಗಾದರೂ ಸಂಕೋಚವಾಗಬೇಕು. ಪರೀಕ್ಷೆಯ ಭಯದಲ್ಲಿ ಆರೋಗ್ಯವನ್ನು ಕಳೆದುಕೊಂಡವರೂ, ಇನ್ನೂ ನಾಲ್ಕು ಪುಸ್ತಕ ಉಳಿದಿವೆಯೆಂದು ಅದನ್ನು ವರ್ಷದಿಂದ ವರ್ಷಕ್ಕೆ ಮುಂದೂಡಿ ಕಡೆಗೆ ವ್ಯಾಸಂಗವನ್ನೇ ಬಿಟ್ಟವರೂ ಇದ್ದಾರೆ. ಇವುಗಳನ್ನು ಅಲಕ್ಷಿಸಿ ಪರೀಕ್ಷೆಯನ್ನು ಸಮರ್ಥಿಸುವುದು ಹೃದಯಹೀನತೆಯಾದೀತು. ಆದರೆ ಒಂಬತ್ತು ವರ್ಷಗಳನ್ನು ನುಂಗಿದ್ದು ಯಾವುದೆಂದು ವಿಚಾರಿಸಿದರೆ, ಅದರಲ್ಲಿ ಓದಿಗೆ ಸಂದ ಪಾಲು ಒಂದು ವರ್ಷವೋ ಒಂದೂವರೆ ವರ್ಷವೋ. ಮಿಕ್ಕದ್ದು ಹೊಟ್ಟೆಪಾಡಿಗಾಗಿ ಬೋಧಿಸುವ ಪ್ರಾರಂಭಿಕ ತರಗತಿಗಳಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಮುದ್ರಣಯೋಗ್ಯ ಗ್ರಂಥವಾಗಬೇಕೆಂದು ಹಟತೊಟ್ಟು ಬೆಳೆಸುವ ಮಹಾಪ್ರಬಂಧಕ್ಕೆ ಸಂದದ್ದು. ಕಾಲವನ್ನು ಉಳಿಸಬೇಕಾದರೆ ಪ್ರಬಂಧವನ್ನು ಚಿಕ್ಕದು ಮಾಡಲಿ. ಓದಿನ ವರ್ಷಕ್ಕೆ ಕತ್ತರಿ ಹಾಕುವುದೇಕೆ?

ಆ ಒಂದು ವರ್ಷದ ಬೆಲೆಯನ್ನು ನಾವು ಸರಿಯಾಗಿ ಎಣಿಸುತ್ತಿಲ್ಲವೆಂದು ನನಗೆ ತೋರುತ್ತದೆ. ವಿದ್ವಾಂಸನ ಜೀವನದಲ್ಲಿ, ಯಾವ ಲೇಖನವನ್ನೂ ಬರೆಯುವ ಒತ್ತಡವಿಲ್ಲದೆ, ಯಾವುದು ತನ್ನ ವಿಷಯಕ್ಕೆ ಪ್ರಯೋಜನವಾದೀತೆಂದು ಪುಟಪುಟದಲ್ಲಿಯೂ ಹುಡುಕದೆ, ಮೊದಲಿಂದ ಕೊನೆಯವರೆಗೆ ಮಹಾಕೃತಿಗಳನ್ನು ಓದುವ ಅವಕಾಶ ಆಮೇಲೆ ಎಂದೂ ಬಾರದು. ಉದ್ಯೋಗಕ್ಕೆ ಸೇರಿದವನಿಗೆ ಪಾಠಗಳು, ಸಭೆಗಳು, ಉತ್ತರಪತ್ರಿಕೆಗಳು. ಅವನು ಓದುವುದೆಲ್ಲ ನಾಳೆಯ ತರಗತಿಗಾಗಿ ಅಥವಾ ಮುಂದಿನ ಲೇಖನಕ್ಕಾಗಿ. ಪರೀಕ್ಷೆಯೆಂಬ ಬೇಲಿ ಇರುವುದರಿಂದಲೇ ಆ ಒಂದು ವರ್ಷವನ್ನು ಬೇರೆ ಯಾರೂ ಬಂದು ಮೇಯುವುದಿಲ್ಲ. ಬೇಲಿಯನ್ನು ಕಿತ್ತುಹಾಕಿ, ‘ನಿನಗೆ ಬೇಕಾದಾಗ ಓದಿಕೋ’ ಎಂದರೆ ಯಾರೂ ಓದುವುದಿಲ್ಲ. ಓದುವುದಕ್ಕೆ ಬಿಡುವುದೂ ಇಲ್ಲ.

ಇನ್ನು ಪಟ್ಟಿಗಳ ವಿಚಾರ. ಗ್ರಂಥಗಳ ಪಟ್ಟಿಯೆಂಬುದೇ ಒಂದು ದಬ್ಬಾಳಿಕೆ, ಬಲಿಷ್ಠರ ಅಭಿರುಚಿಯನ್ನು ದುರ್ಬಲರ ಮೇಲೆ ಹೇರುವ ಉಪಾಯ ಎಂಬ ದೂರನ್ನು ನಾನು ಹಗುರವಾಗಿ ನೋಡುವುದಿಲ್ಲ. ಕರಿಯರ ಬರಹ, ಸ್ತ್ರೀಯರ ಬರಹ, ವಸಾಹತುಗಳ ಜನರ ಬರಹ ದೀರ್ಘಕಾಲ ಆ ಪಟ್ಟಿಗಳ ಹೊರಗಿದ್ದದ್ದು ಅನ್ಯಾಯವೇ. ಆದರೆ ಆ ಅನ್ಯಾಯ ಕಣ್ಣಿಗೆ ಬಿದ್ದದ್ದು ಹೇಗೆ? ಪಟ್ಟಿಯೊಂದು ಕಾಗದದ ಮೇಲೆ ಬರೆದಿತ್ತು. ಆದ್ದರಿಂದ ಯಾರಿದ್ದಾರೆ, ಯಾರಿಲ್ಲ ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾಯಿತು, ಇಡೀ ವಿಭಾಗವೇ ಕುಳಿತು ವಾದಿಸಿ ಅದನ್ನು ತಿದ್ದಲು ಸಾಧ್ಯವಾಯಿತು. ಪಟ್ಟಿಯೇ ಇಲ್ಲದ ಕಡೆ ಅಭಿರುಚಿಯ ದಬ್ಬಾಳಿಕೆ ಇಲ್ಲವೆಂದಲ್ಲ. ಅದು ಮಾರ್ಗದರ್ಶಕರ ಕೋಣೆಯೊಳಗೆ ಹೋಗಿ ಕುಳಿತು, ಯಾರ ಪ್ರಶ್ನೆಗೂ ಸಿಕ್ಕದಂತಾಗುತ್ತದೆ.

ಈ ವಾದವೆಲ್ಲ ಅಧ್ಯಾಪನದ ಕಡೆಯಿಂದ ನೋಡಿದಾಗ ಮತ್ತಷ್ಟು ಬಲಗೊಳ್ಳುತ್ತದೆ. ಡಾಕ್ಟರೇಟ್ ಪಡೆದು ಕಾಲೇಜನ್ನು ಸೇರಿದವನು ತನ್ನ ಮಹಾಪ್ರಬಂಧವನ್ನು ಪಾಠಹೇಳುವುದಿಲ್ಲ. ಅವನ ಪಾಲಿಗೆ ಬರುವುದು ಇಡೀ ಸಾಹಿತ್ಯಚರಿತ್ರೆ, ಇಡೀ ಕಾವ್ಯಮೀಮಾಂಸೆ. ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು ಕೇಳುವ ಪ್ರಶ್ನೆ ಯಾವ ಶತಮಾನದಿಂದ ಬಂದೀತೆಂದು ಅವನು ಮೊದಲೇ ಬಲ್ಲವನಲ್ಲ. ಆ ಪ್ರಶ್ನೆಯ ಮುಂದೆ ಅವನು ನಿಲ್ಲುವ ನಿಲುವಿಗೂ, ಮೌಖಿಕ ಪರೀಕ್ಷೆಯ ಮೇಜಿನ ಮುಂದೆ ಕುಳಿತ ಅಭ್ಯರ್ಥಿಯ ನಿಲುವಿಗೂ ವ್ಯತ್ಯಾಸವೇ ಇಲ್ಲ. ಲೇಖನಗಳ ಸಂಪುಟ ಈ ಶಕ್ತಿಯನ್ನು ತೋರಿಸಲಾರದು. ಏಕೆಂದರೆ ಅದರಲ್ಲಿ ಪ್ರಶ್ನೆಯನ್ನು ಆರಿಸಿಕೊಂಡವನೂ ಉತ್ತರ ಕೊಟ್ಟವನೂ ಒಬ್ಬನೇ.

ನಮ್ಮ ದೇಶಕ್ಕೆ ಬಂದರೆ, ನಮಗೆ ಪಿಎಚ್.ಡಿ.ಯ ಮಾದರಿ ದೊರೆತದ್ದು ಇಂಗ್ಲೆಂಡಿನಿಂದ. ಆಕ್ಸ್‌ಫರ್ಡ್ 1917ರಲ್ಲಿ ಡಿ.ಫಿಲ್. ಪದವಿಯನ್ನು ಆರಂಭಿಸಿದಾಗ, ಜರ್ಮನಿಯ ಹಾಗೂ ಅಮೆರಿಕದ ಪದ್ಧತಿಯಲ್ಲಿದ್ದ ವಿಸ್ತಾರದ ಪರೀಕ್ಷೆಯನ್ನು ಕೈಬಿಟ್ಟು, ಪ್ರಬಂಧ ಮತ್ತು ಅದರ ಮೇಲಿನ ಮೌಖಿಕ ಪರೀಕ್ಷೆ ಇವೆರಡನ್ನೇ ಇಟ್ಟುಕೊಂಡಿತು. ಅದೇ ರೂಢಿ ಇಲ್ಲಿಗೂ ಬಂದಿತು. ಐಐಟಿಗಳಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಕಾಂಪ್ರಿಹೆನ್ಸಿವ್ ಎಂಬ ಪರೀಕ್ಷೆ ಉಂಟು. ಆದರೆ ನಮ್ಮ ವಿಶ್ವವಿದ್ಯಾನಿಲಯಗಳ ಕನ್ನಡ, ಇತಿಹಾಸ, ತತ್ತ್ವಶಾಸ್ತ್ರ ವಿಭಾಗಗಳಲ್ಲಿ ಅದು ಸಾಮಾನ್ಯವಾಗಿ ಕಾಣದು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2009ರ ನಿಯಮಗಳಲ್ಲಿ ಕೋರ್ಸ್‌ವರ್ಕನ್ನು ಕಡ್ಡಾಯ ಮಾಡಿತು. 2022ರ ನಿಯಮಗಳು ಅದಕ್ಕೆ ಕನಿಷ್ಠ 12 ಕ್ರೆಡಿಟ್‌ಗಳನ್ನು ವಿಧಿಸಿವೆ. ಆ ಕ್ರೆಡಿಟ್‌ಗಳ ಒಂದು ಭಾಗ ಸಂಶೋಧನಾ ವಿಧಾನಕ್ಕೂ ಪ್ರಕಟಣೆಯ ನೀತಿಗೂ ಸಲ್ಲುತ್ತದೆ. ಅವು ಅವಶ್ಯವಾದವುಗಳೇ, ಆದರೆ ಅವುಗಳಿಂದ ಯಾರೂ ಪಂಪನನ್ನು ಓದಿದಂತಾಗುವುದಿಲ್ಲ.

ವಿಸ್ತಾರವನ್ನು ನೆಟ್ ಪರೀಕ್ಷೆ ನೋಡಿಕೊಳ್ಳುತ್ತದೆಯಲ್ಲ ಎಂದು ಯಾರಾದರೂ ಹೇಳಬಹುದು. ಹಿಂದೆ ಅದರಲ್ಲಿ ಉತ್ತರವನ್ನು ವಿಸ್ತರಿಸಿ ಬರೆಯುವ ಒಂದು ಪತ್ರಿಕೆಯಿತ್ತು. 2012ರಲ್ಲಿ ಅದೂ ಹೋಯಿತು. ಈಗ ಮೂರು ಗಂಟೆಗಳಲ್ಲಿ 150 ಪ್ರಶ್ನೆಗಳು, ಪ್ರತಿಯೊಂದಕ್ಕೂ ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಗದಾಯುದ್ಧವನ್ನು ಬರೆದ ಕವಿ ಯಾರು, ಅವನ ಆಶ್ರಯದಾತ ಯಾರು ಎಂಬುದು ಇಂಥ ಪರೀಕ್ಷೆಯಿಂದ ತಿಳಿದೀತು. ಕೃತಿಯನ್ನು ತೆರೆದೇ ನೋಡದೆ ಈ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ಜಾಣರೂ, ಕೃತಿಯೊಡನೆ ವರ್ಷಗಟ್ಟಲೆ ಬಾಳಿ ಒಂದು ಇಸವಿಯನ್ನು ಮರೆತವರೂ ಇದರಲ್ಲಿ ತಲೆಕೆಳಗಾಗಿ ತೂಗಲ್ಪಡುವ ಅಪಾಯವುಂಟು.

ಪರೀಕ್ಷೆಯಿಲ್ಲದಿದ್ದರೂ ನಮ್ಮಲ್ಲಿ ಮಹತ್ತಾದ ಸಂಶೋಧನೆಗಳು ನಡೆದಿಲ್ಲವೆ ಎಂಬ ಪ್ರಶ್ನೆಯೂ ಏಳುತ್ತದೆ. ನಿಶ್ಚಯವಾಗಿಯೂ ನಡೆದಿವೆ. ಎಂ. ಚಿದಾನಂದಮೂರ್ತಿಯವರ ಮಹಾಪ್ರಬಂಧ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಪ್ರಕಟವಾಯಿತು, ಕ್ರಿ.ಶ. 450ರಿಂದ 1150ರವರೆಗಿನ ಏಳುನೂರು ವರ್ಷಗಳ ಶಾಸನಗಳನ್ನು ಹಿಡಿದು, ಧರ್ಮ, ಆಡಳಿತ, ವಿದ್ಯೆ, ಜನಜೀವನ ಇವೆಲ್ಲವನ್ನೂ ಅವರು ಅದರಲ್ಲಿ ಒಟ್ಟಿಗೆ ಕಂಡರು. ಅಂಥ ಗ್ರಂಥದಲ್ಲಿ ಸಮಗ್ರ ಪರೀಕ್ಷೆಯೂ ಮಹಾಪ್ರಬಂಧವೂ ಒಂದೇ ಆಗಿಬಿಟ್ಟಿವೆ. ಆದರೆ ಆ ಪೀಳಿಗೆಗೆ ವಿಸ್ತಾರವನ್ನು ಕೊಟ್ಟದ್ದು ಯಾವ ನಿಯಮವೂ ಅಲ್ಲ, ಗುರುಗಳ ಸಾನ್ನಿಧ್ಯ ಮತ್ತು ಆ ಕಾಲದ ಎಂ.ಎ. ತರಗತಿಗಳ ಕಠಿಣವಾದ ಹಳಗನ್ನಡ ವ್ಯಾಸಂಗ. ಇಂದು ಸಂಶೋಧನೆಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಮನೆಯಲ್ಲಿ ಮೊದಲ ಪದವೀಧರರು. ಗ್ರಂಥಗಳು ಅವರಿಗೆ ಪಿತ್ರಾರ್ಜಿತ ಆಸ್ತಿಯಾಗಿ ಬಂದವುಗಳಲ್ಲ. ಅಂಥವರಿಂದ ವಿಸ್ತಾರವಾದ ಓದನ್ನು ನಿರೀಕ್ಷಿಸದಿರುವುದು ದಯೆಯೆಂದು ಕೆಲವರು ತಿಳಿದಿದ್ದಾರೆ. ನನಗಂತೂ ಅದು ವಂಚನೆಯಾಗಿ ಕಾಣುತ್ತದೆ. ವೇತನ ಸಹಿತವಾಗಿ ಒಂದು ವರ್ಷದ ಓದಿನ ಬಿಡುವು ಅತ್ಯಂತ ಹೆಚ್ಚಾಗಿ ಸಲ್ಲಬೇಕಾದದ್ದು ಅವರಿಗೇ.

ಬಾಯಿಮಾತಿನ, ವಿಸ್ತಾರವಾದ ಪರೀಕ್ಷೆ ನಮಗೆ ಪರಕೀಯವೇನೂ ಅಲ್ಲ. ಮಿಥಿಲೆಯ ನ್ಯಾಯಶಾಸ್ತ್ರದ ಪರಂಪರೆಯಲ್ಲಿ ಶಲಾಕಾಪರೀಕ್ಷೆ ಎಂಬುದೊಂದಿತ್ತು. ಪರೀಕ್ಷಕನು ಓಲೆಗರಿಯ ಕಟ್ಟಿನೊಳಗೆ ಸೂಜಿಯೊಂದನ್ನು ಚುಚ್ಚುವನು. ಅದರ ಮೊನೆ ಯಾವ ಗರಿಯಲ್ಲಿ ನಿಂತಿತೋ ಆ ಗರಿಯ ವಿಷಯವನ್ನು ವಿದ್ಯಾರ್ಥಿಯು ಅಲ್ಲಿಯೇ ವಿವರಿಸಬೇಕು. ನವದ್ವೀಪದ ವಾಸುದೇವ ಸಾರ್ವಭೌಮನು ಈ ಪರೀಕ್ಷೆಯಲ್ಲಿ ಗೆದ್ದನೆಂದು ಐತಿಹ್ಯ. ಸೂಜಿ ಎಲ್ಲಿ ನಿಲ್ಲುವುದೋ ತಿಳಿಯದು. ಆದ್ದರಿಂದ ಇಡೀ ಗ್ರಂಥವೇ ವಿದ್ಯಾರ್ಥಿಯದಾಗಿರಬೇಕು. ಶೃಂಗೇರಿಯ ಗಣಪತಿ ವಾಕ್ಯಾರ್ಥ ಸಭೆಯಲ್ಲಿ ಇಂದಿಗೂ ವಿದ್ವಾಂಸರು ಪೂರ್ವಪಕ್ಷಕ್ಕೆ ಸಮಾಧಾನವನ್ನು ಸಭೆಯ ಎದುರಿಗೇ ಕೊಡುತ್ತಾರೆ. ಆ ವಿದ್ಯೆಗಳ ಬಾಗಿಲು ಬಹುಮಂದಿಗೆ ಮುಚ್ಚಿತ್ತೆಂಬುದನ್ನು ಮರೆಯಲಾಗದು. ಆದರೆ ಮುಚ್ಚಿದ್ದ ಬಾಗಿಲನ್ನು ತೆರೆಯುವುದೇ ನಮ್ಮ ಕೆಲಸವಾದ್ದರಿಂದ, ಒಳಗಿದ್ದ ಕಟ್ಟುನಿಟ್ಟನ್ನು ಹೊರಗೆಸೆಯಬೇಕಾದ ಅವಶ್ಯಕತೆ ನನಗೆ ಕಾಣುವುದಿಲ್ಲ.

ಕನ್ನಡ ವಿಭಾಗದಲ್ಲಿ ಇಂಥ ಪರೀಕ್ಷೆ ಹೇಗಿದ್ದೀತೆಂದು ಒಂದು ಪ್ರಶ್ನೆಯಿಂದ ಸೂಚಿಸುವೆನು. ಅಭ್ಯರ್ಥಿಯ ಪ್ರಬಂಧ ಕಾರಂತರ ಕಾದಂಬರಿಗಳ ಮೇಲೆ ಎಂದಿಟ್ಟುಕೊಳ್ಳೋಣ. ಅವನಿಗೆ ಹೀಗೆ ಕೇಳಬಹುದು: ‘ವಡ್ಡಾರಾಧನೆಯ ಕಥೆ ಪ್ರಾಕೃತದ ಒಂದು ಗಾಹೆಯಿಂದ ಆರಂಭವಾಗುತ್ತದೆ, ವಚನವು ನೇರವಾಗಿ ದೇವರನ್ನೋ ಎದುರಿನ ಮನುಷ್ಯನನ್ನೋ ಕೂಗಿ ಮಾತಾಡುತ್ತದೆ, ಕೆಂಪುನಾರಾಯಣನು 1823ರ ಮುದ್ರಾಮಂಜೂಷದಲ್ಲಿ ಸಂಸ್ಕೃತ ನಾಟಕದ ವಸ್ತುವನ್ನು ಗದ್ಯದ ಕಥೆಯಾಗಿಸುತ್ತಾನೆ, ಮುದ್ದಣನು ಶ್ರೀರಾಮಾಶ್ವಮೇಧದಲ್ಲಿ ಕಥೆ ಕೇಳುವುದಕ್ಕಾಗಿಯೇ ಮನೋರಮೆಯನ್ನು ಎದುರಿಗೆ ಕೂರಿಸಿಕೊಳ್ಳುತ್ತಾನೆ. ಕನ್ನಡ ಗದ್ಯವು ಯಾರನ್ನು ಉದ್ದೇಶಿಸಿ ಮಾತಾಡುತ್ತ ಬಂದಿದೆ? ಕಾರಂತರ ಕಾದಂಬರಿಯ ಹೊತ್ತಿಗೆ ಆ ಕೇಳುಗನು ಎಲ್ಲಿಗೆ ಹೋದನು?’ ಈ ಪ್ರಶ್ನೆಯನ್ನು ಎದುರಿಸಿದವನು ಕಾರಂತರ ಮೇಲಿನ ತನ್ನ ಪ್ರಬಂಧವನ್ನೇ ಬೇರೆಯಾಗಿ ಬರೆದಾನು. ವಿಸ್ತಾರವೂ ವಿಶೇಷಾಧ್ಯಯನವೂ ಒಂದಕ್ಕೊಂದು ವಿರೋಧಿಗಳೆಂಬ ಕಲ್ಪನೆ ಇಲ್ಲಿ ನಿಲ್ಲಲಾರದು.

ಏರ್ಪಾಡಿನ ವಿಷಯದಲ್ಲಿ ಮಾತ್ರ ಬಹಳ ಎಚ್ಚರಿಕೆ ಬೇಕು. ಪರೀಕ್ಷಕರ ಅಧಿಕಾರ ಲಂಗುಲಗಾಮಿಲ್ಲದ್ದಾದರೆ ಪರೀಕ್ಷೆ ಸೇಡಿನ ಆಯುಧವಾದೀತು, ಸ್ವಜನಪಕ್ಷಪಾತದ ಸಾಧನವಾದೀತು. ನಮ್ಮ ವಿಭಾಗಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಪಟ್ಟಿಯ ಅರ್ಧಭಾಗವನ್ನು ವಿಭಾಗವು ಮುಂಚಿತವಾಗಿ ಪ್ರಕಟಿಸಿರಬೇಕು. ಮಿಕ್ಕ ಅರ್ಧವನ್ನು ಅಭ್ಯರ್ಥಿಯೇ ಕಟ್ಟಿ, ತನ್ನ ಆಯ್ಕೆಯನ್ನು ಸಮರ್ಥಿಸಿಕೊಳ್ಳಬೇಕು. ಓದಿನ ಅವಧಿ ಒಂದು ವರ್ಷವನ್ನು ಮೀರಕೂಡದು, ಆ ವರ್ಷದಲ್ಲಿ ಶಿಷ್ಯವೇತನ ತಪ್ಪಕೂಡದು, ಬೇರೆ ಚಾಕರಿಯನ್ನು ಹೇರಕೂಡದು. ಅಂಕಗಳು ಬೇಡ, ತೇರ್ಗಡೆ ಅಥವಾ ಆರು ತಿಂಗಳೊಳಗೆ ಇನ್ನೊಂದು ಅವಕಾಶ, ಅಷ್ಟೇ ಸಾಕು. ತೇರ್ಗಡೆಯಾಗದವರಿಗೆ ಕಾರಣವನ್ನು ಬರಹದಲ್ಲಿ ಕೊಡತಕ್ಕದ್ದು. ಪರೀಕ್ಷಕರಲ್ಲಿ ಒಬ್ಬರಾದರೂ ಬೇರೆ ವಿಶ್ವವಿದ್ಯಾನಿಲಯದವರಾಗಿರಲಿ, ಇನ್ನೊಬ್ಬರು ಬೇರೆ ವಿಷಯದವರಾಗಿರಲಿ. ಮಾರ್ಗದರ್ಶಕರು ಕೋಣೆಯಲ್ಲಿರಬಹುದು, ಆದರೆ ಫಲಿತಾಂಶವನ್ನು ನಿರ್ಣಯಿಸುವುದರಲ್ಲಿ ಅವರಿಗೆ ಮತವಿರಕೂಡದು. ಇದಕ್ಕೆ ಹೊಸ ಕಟ್ಟಡವಾಗಲಿ ಹೊಸ ಹುದ್ದೆಯಾಗಲಿ ಬೇಕಾಗಿಲ್ಲ. ಆಯೋಗ ವಿಧಿಸಿರುವ ಕನಿಷ್ಠ ಕ್ರೆಡಿಟ್‌ಗಳ ಆಚೆಗೆ ಏನನ್ನು ಕಲಿಸಬೇಕೆಂಬುದನ್ನು ವಿಭಾಗಗಳು ಯೋಚಿಸಬಹುದಾದ್ದರಿಂದ, ಯಾವುದೇ ಒಂದು ಕನ್ನಡ ವಿಭಾಗ ಮನಸ್ಸು ಮಾಡಿದರೆ ತನ್ನ ವಿಶ್ವವಿದ್ಯಾನಿಲಯದ ಒಪ್ಪಿಗೆ ಪಡೆದು ಮುಂದಿನ ತಂಡದಿಂದಲೇ ಇದನ್ನು ಪ್ರಾರಂಭಿಸಬಹುದು.